ಕುದಿನೀರಿಗೆ ಕರಗುವ ಬೆಸುಗೆ

ತಾಳವಾಡಿಯಿಂದ ತಾಳಮಲೆಯ ಕಡೆಗೆ ಹೋಗುವ ದಾರಿಯಲ್ಲಿ, ಜೋಳದ ಹೊಲ ಮುಗಿದು ಕಾಡು ಶುರುವಾಗುವ ಕಡೆ, ಬೆಳಗಿನ ಮಂಜು ಇನ್ನೂ ಎದ್ದಿಲ್ಲ. ಬದುವಿನ ಮೇಲೆ ಮೂರು ಕಲ್ಲು ಹೂಡಿ, ಒಣ ದಂಟಿಗೆ ಬೆಂಕಿ ಹಚ್ಚಿ, ಶಾಂತಮಲ್ಲಮ್ಮ ನೀರು ಕಾಯಿಸುತ್ತಿದ್ದಾರೆ. ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿದೆ. ಕಾಫಿಗಿರಬೇಕು ಎಂದು ಆಸೆಪಟ್ಟು ಒಲೆಯ ಹತ್ತಿರ ಸರಿಯುತ್ತೇನೆ. ಆಕೆಗೆ ಅರ್ಥವಾಗಿದೆ. “ಇದು ಕುಡಿಯೋ ನೀರಲ್ಲ ಕಣವ್ವ. ಕಾಫಿ ಆಮ್ಯಾಕೆ ಈ ಒಲದವ್ರ ಮನೇಲಿ ಕೊಡ್ತಾರೆ, ತಡ್ಕ” ಎನ್ನುತ್ತಾರೆ.

ಪಕ್ಕದಲ್ಲಿ ಗೋಣಿಚೀಲದ ಮೇಲೆ ಒಂದು ತಗಡಿನ ಡಬ್ಬಿ, ಊಟದ ಕ್ಯಾರಿಯರ್‌ನಷ್ಟು ದೊಡ್ಡದು. ಹೊಲದ ಸುತ್ತ ಎಳೆದ ತಂತಿಗೆ ಆನೆ ಸೋಕಿದರೆ ಝಾಡಿಸಿ ಹಿಂದಕ್ಕೆ ಅಟ್ಟುವ ಸೋಲಾರ್ ಬೇಲಿಯ ಜೀವ ಇದರೊಳಗಿದೆ. ಬಿಸಿಲಿನಲ್ಲಿ ತುಂಬಿಕೊಂಡ ಬ್ಯಾಟರಿಯಿಂದ ಕರೆಂಟು ಪಡೆದು, ಅದನ್ನು ಜೋರು ಮಾಡಿ, ಸೆಕೆಂಡಿಗೊಮ್ಮೆ ತಂತಿಗೆ ತಳ್ಳುವುದು ಇದರ ಕೆಲಸ. ತಳ್ಳುವಾಗಲೆಲ್ಲ ಟಿಕ್ ಎಂದು ಸದ್ದು ಮಾಡುತ್ತದೆ. ಈ ಕಡೆಯವರು ಇದನ್ನು ಬೇಲಿ ಮೆಷಿನ್ನು ಎಂದು ಕರೆಯುತ್ತಾರೆ.

ಶಾಂತಮಲ್ಲಮ್ಮ ಬ್ಯಾಟರಿಯ ತಂತಿ ಕಳಚಿ, ಡಬ್ಬಿಯ ಒಳಗಿನ ಹಸಿರು ಬೋರ್ಡನ್ನು ಹೊರಗೆ ತೆಗೆಯುತ್ತಾರೆ. ನೀರು ಕೊತಕೊತ ಕುದಿಯತೊಡಗಿದ ಮೇಲೆ, ಇಕ್ಕಳದಲ್ಲಿ ಹಿಡಿದು ಬೋರ್ಡಿನ ಒಂದು ಮೂಲೆಯನ್ನು ಮಾತ್ರ ನೀರಿಗೆ ಅದ್ದುತ್ತಾರೆ. ಆ ಮೂಲೆಯಲ್ಲಿ ಕರೆಂಟನ್ನು ಜೋರು ಮಾಡುವ ಪುಟ್ಟ ಟ್ರಾನ್ಸ್‌ಫಾರ್ಮರಿನ ಕಾಲು ಬೋರ್ಡಿಗೆ ಕೂಡಿಕೊಂಡಿದೆ. ಕೂಡಿಸಿರುವುದು ಮೆಣಸಿನ ಕಾಳಿನಷ್ಟು ಬೆಸುಗೆ. ಸ್ವಲ್ಪ ಹೊತ್ತು ಕಾದು, ಇನ್ನೊಂದು ಕೈಯ ಚಿಮುಟದಿಂದ ಆ ಕಾಲನ್ನು ಮೆಲ್ಲಗೆ ಜಗ್ಗುತ್ತಾರೆ. ಗಟ್ಟಿ ಲೋಹದಂತೆ ಕಾಣುತ್ತಿದ್ದ ಬೆಸುಗೆ ಮೆತ್ತಗಾಗಿ ಜಾರಿ, ಪಾತ್ರೆಯ ತಳಕ್ಕೆ ಒಂದು ಹನಿಯಾಗಿ ಬೀಳುತ್ತದೆ.

“ಸಿಕ್ತು” ಎನ್ನುತ್ತಾರೆ. ಆ ದನಿಯಲ್ಲಿ ಸಂತೋಷವಿಲ್ಲ.

ಹೊಲದ ಯಜಮಾನ ಮಹದೇವಸ್ವಾಮಿ ಕಂಬಳಿ ಹೊದ್ದು ಅಷ್ಟು ದೂರದಲ್ಲಿ ನಿಂತಿದ್ದಾರೆ. ಅವರಿಗೆ ಇದೆಲ್ಲ ಅಷ್ಟಾಗಿ ಇಷ್ಟವಿಲ್ಲ. “ಕೆಟ್ಟೇ ಇರ್ನಿಲ್ಲ ಕಣಕ್ಕ ಇದು. ರಾತ್ರಿಯೆಲ್ಲ ಟಿಕ್ ಟಿಕ್ ಅಂತಿತ್ತು. ಸುಮ್ಕೆ ನೀನು ಬಿಚ್ಚಿ ಮಡಗ್ದೆ” ಎಂದು ಗೊಣಗುತ್ತಾರೆ.

“ಟಿಕ್ ಅಂತಿದ್ರೆ ಬೇಲಿ ಓಡ್ತಾ ಅದೆ ಅಂತಲ್ಲ ಕಣಪ್ಪ” ಎಂದಷ್ಟೇ ಹೇಳಿ ಶಾಂತಮಲ್ಲಮ್ಮ ತಲೆ ತಗ್ಗಿಸುತ್ತಾರೆ. ಹಳೆಯ ಬೆಸುಗೆಯ ಚೂರೂ ಉಳಿಯದಂತೆ ಕೆರೆದು, ಹೀರುವ ಪಂಪಿನಿಂದ ಎಳೆದು, ಬಟ್ಟೆಯಲ್ಲಿ ಒರೆಸಿ, ಹೊಸ ಬೆಸುಗೆ ಹಾಕುತ್ತಾರೆ. ಮೆಷಿನ್ನು ಮತ್ತೆ ಟಿಕ್ ಎನ್ನತೊಡಗಿದ ಮೇಲೆ ಬದುವಿನಿಂದ ಒಂದು ಹಸಿ ಹುಲ್ಲುಕಡ್ಡಿ ಕಿತ್ತು, ಅದರ ತುದಿಯನ್ನು ಬೇಲಿಯ ತಂತಿಗೆ ಮುಟ್ಟಿಸುತ್ತಾರೆ. ಬೆರಳು ಚುರ್ ಎಂದು ಹಿಂದಕ್ಕೆ ಬರುತ್ತದೆ. ಮಹದೇವಸ್ವಾಮಿಗೂ ಮುಟ್ಟಿಸಿ ನೋಡಲು ಹೇಳುತ್ತಾರೆ. ಅವರು ಮುಟ್ಟಿಸಿ, ಬೈದುಕೊಂಡು, ಕೈ ಕೊಡವುತ್ತಾರೆ. ಪಾತ್ರೆಯ ನೀರನ್ನು ದನ ಮೇಯದ ಕಡೆ ಗುಂಡಿ ತೋಡಿ ಸುರಿದು, ಮಣ್ಣು ಮುಚ್ಚಿದ ಮೇಲೆ ಇಲ್ಲಿನ ಕೆಲಸ ಮುಗಿಯುತ್ತದೆ.

ವಾರದ ಪುರವಣಿಗೆ ಇಂಥ ಲೇಖನ ಬರೆಯುವ ನಮ್ಮಂಥವರಿಗೆ ಒಂದು ಚಾಳಿ ಇದೆ. ಯಾರೋ ಒಬ್ಬರನ್ನು ಹುಡುಕಿಕೊಂಡು ಹೋಗುತ್ತೇವೆ, ಅವರ ಕೈಯ ಬಿರುಕು, ಬೆವರು, ಮುಗುಳ್ನಗೆ ಎಲ್ಲವನ್ನೂ ಬರೆದು, ಕೊನೆಗೆ ಇವರಿಗೊಂದು ಪ್ರಶಸ್ತಿ ಬರಲಿ ಎಂದು ಹಾರೈಸಿ ಊಟಕ್ಕೆ ಏಳುತ್ತೇವೆ. ಬೆಟ್ಟದ ಮೇಲೆ ಬೇಲಿ ಮೆಷಿನ್ನು ರಿಪೇರಿ ಮಾಡುವ ಹೆಂಗಸೊಬ್ಬರಿದ್ದಾರೆ ಎಂದು ಯಾರೋ ಹೇಳಿದಾಗ ನಾನೂ ಅದೇ ಉತ್ಸಾಹದಲ್ಲಿ ಫೋನು ಮಾಡಿದ್ದೆ. “ಬನ್ನಿ, ಆದ್ರೆ ನಾನು ಕೆಟ್ಟ ಕೆಲ್ಸ ಮಾಡಿರೋಳು. ಅದ್ನ ಬರೀಬೇಕು. ಬರ್ಯಂಗಿದ್ರೆ ಬನ್ನಿ” ಎಂದು ಆಕೆ ಫೋನು ಇಟ್ಟಿದ್ದರು. ಇಂಥ ಆಹ್ವಾನ ನನಗೆ ಇದೇ ಮೊದಲು.

ಶಾಂತಮಲ್ಲಮ್ಮನಿಗೆ ಐವತ್ತು ದಾಟಿದೆ. ತಾಳವಾಡಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿ, ಮದುವೆಗೆ ಮೊದಲು ಕೆಲವು ವರ್ಷ ಮೈಸೂರಿನ ಕಾರ್ಖಾನೆಯೊಂದರಲ್ಲಿ ದುಡಿದವರು. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ರೇಡಿಯೊ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದರು. ಕೆಲಸ ಕಲಿಸಿದ ಮೇಲ್ವಿಚಾರಕಿ ಒಂದೇ ಮಾತು ಹೇಳುತ್ತಿದ್ದರಂತೆ: ಬೆಸುಗೆ ಹೊಳೆದರೆ ಒಳ್ಳೆಯದು, ಮಂಕಾದರೆ ಕೆಟ್ಟದ್ದು. ಮದುವೆಯಾಗಿ ಬೆಟ್ಟಕ್ಕೆ ಮರಳಿದ ಮೇಲೆ ಆ ಕಣ್ಣು, ಆ ಕೈ ಸುಮ್ಮನೆ ಕೂರಲಿಲ್ಲ. ಮೊದಲು ಊರಿನವರ ಟಾರ್ಚು, ಟೇಪ್ ರೆಕಾರ್ಡರ್. ಆಮೇಲೆ ಟಿವಿಯ ರಿಮೋಟು. ಸೋಲಾರ್ ಬೇಲಿ ಬಂದ ಮೇಲೆ ಉಳಿದದ್ದೆಲ್ಲ ಬಿಟ್ಟುಹೋಗಿ ಇದೊಂದೇ ಕೆಲಸವಾಯಿತು. ಗಂಡ ಮಹದೇವಪ್ಪನವರು ಒಕ್ಕಲುತನ ನೋಡಿಕೊಳ್ಳುತ್ತಾರೆ. ಇವರು ಚೀಲ ಏರಿಸಿಕೊಂಡು ಮೊಪೆಡ್ಡಿನಲ್ಲಿ ಹೊರಡುತ್ತಾರೆ. ಜೋಳದ ಕಾಲದಲ್ಲಿ ದಿನಕ್ಕೆ ಮೂರು ನಾಲ್ಕು ಹೊಲ ಸುತ್ತುವುದೂ ಉಂಟು.

ಈ ಕೆಲಸಕ್ಕೆ ಇಲ್ಲಿ ಒಂದು ಕಟ್ಟುಪಾಡಿದೆ. ಮೆಷಿನ್ನು ಹೊಲ ಬಿಟ್ಟು ಹೋಗಬಾರದು. ರಿಪೇರಿಗೆಂದು ಅಂಗಡಿಗೆ ಕೊಟ್ಟು, ನಾಳೆ ಬಾ ಎನ್ನಿಸಿಕೊಂಡರೆ, ಆ ನಾಳೆ ಬರುವುದರೊಳಗೆ ಜೋಳ ಇರುವುದಿಲ್ಲ. ಆದ್ದರಿಂದ ಕೆಟ್ಟ ದಿನವೇ, ಹೊಲದಲ್ಲೇ ಕುಳಿತು, ಹೊತ್ತು ಮುಳುಗುವ ಮೊದಲು ಸರಿ ಮಾಡಬೇಕು. ಹೊಲದಲ್ಲಿ ಕರೆಂಟಿಲ್ಲ. ಬೆಸುಗೆ ಹಾಕುವ ಕಾವಿನ ಕಡ್ಡಿಗೂ ಬೇಲಿಯ ಬ್ಯಾಟರಿಯಿಂದಲೇ ಕರೆಂಟು ಎಳೆಯಬೇಕು. ಮೋಡ ಕವಿದು ಬ್ಯಾಟರಿ ಅರ್ಧ ಇಳಿದಿದ್ದರೆ ಕಡ್ಡಿ ಸರಿಯಾಗಿ ಕಾಯುವುದಿಲ್ಲ. ಆಕೆಯ ಕಷ್ಟವೆಲ್ಲ ಹುಟ್ಟಿದ್ದು ಇಲ್ಲಿ.

ಸ್ವಲ್ಪ ಲೋಹದ ವಿಷಯ ಹೇಳಬೇಕು, ಹೆದರಬೇಡಿ. ಬೆಸುಗೆಯ ತಂತಿಗೆ ರಿಪೇರಿಯವರು ಲೆಡ್ಡು ಎನ್ನುತ್ತಾರೆ, ಹಳಬರು ಈಯ ಎನ್ನುತ್ತಾರೆ. ಅದು ತವರ ಮತ್ತು ಸೀಸ ಬೆರೆತದ್ದು; ನೂರಾ ಎಂಬತ್ತಮೂರು ಡಿಗ್ರಿಗೆ ಕರಗುತ್ತದೆ. ಶಾಂತಮಲ್ಲಮ್ಮನ ಕೈಗೆ ಒಗ್ಗಿದ್ದು ಇದು. ಆದರೆ ಸೀಸ ವಿಷ ಎನ್ನುವ ಕಾರಣಕ್ಕೆ ಈಚಿನ ಬೋರ್ಡುಗಳನ್ನು ಸೀಸವಿಲ್ಲದ ಬೆಸುಗೆಯಲ್ಲಿ ಮಾಡುತ್ತಾರೆ. ಅದು ಕರಗಲು ಇನ್ನೂರ ಹದಿನೇಳು ಡಿಗ್ರಿ ದಾಟಬೇಕು. ಅದೂ ಅಲ್ಲದೆ ಅದು ಹೊಳೆಯುವುದಿಲ್ಲ, ಚೆನ್ನಾಗಿದ್ದಾಗಲೂ ಮಂಕು. ಮೂವತ್ತು ವರ್ಷ ಮಂಕು ಎಂದರೆ ಕೆಟ್ಟದ್ದು ಎಂದು ನಂಬಿದ್ದ ಕಣ್ಣು, ಹೊಸ ಬೋರ್ಡುಗಳನ್ನು ನೋಡಿ ನೋಡಿ ಆ ನಂಬಿಕೆ ಬಿಟ್ಟಿತು.

“ಅರ್ಧ ಬ್ಯಾಟ್ರಿ ಮ್ಯಾಲೆ ಆ ಒಸ ಬೋರ್ಡು ಕರಗ್ತಾನೇ ಇರ್ನಿಲ್ಲ ಕಣವ್ವ” ಎನ್ನುತ್ತಾರೆ ಶಾಂತಮಲ್ಲಮ್ಮ, ಮಹದೇವಸ್ವಾಮಿಯವರ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದು. “ಕಡ್ಡಿ ಇಟ್ಟು ಕೂತ್ಕಂಡ್ರೆ ಬೋರ್ಡೇ ಸುಟ್ಟೋಯ್ತದೆ. ಸತ್ಯಮಂಗಲದಲ್ಲಿ ಸಾಮಾನು ಕೊಡೋ ಅಂಗ್ಡಿಯೋನ್ಗೆ ಏಳ್ದೆ. ಅವ್ನು ಒಂದು ಸುರುಳಿ ಕೊಟ್ಟ. ಇದು ಎಲ್‌ಇಡಿ ಕೆಲ್ಸಕ್ಕೆ ಬರೋದು ಅಕ್ಕ, ಬೆಣ್ಣೆಯಂಗೆ ಕರಗ್ತದೆ ಅಂದ. ನಿಜ, ಬೆಣ್ಣೆಯಂಗೇ ಕರಗ್ತು.”

ಆ ಸುರುಳಿಯಲ್ಲಿದ್ದದ್ದು ತವರ ಮತ್ತು ಬಿಸ್ಮತ್ ಎಂಬ ಲೋಹ. ಕರಗುವುದು ನೂರಾ ಮೂವತ್ತೆಂಟಕ್ಕೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಮೋಸವನ್ನೂ ಮಾಡಿರಲಿಲ್ಲ. ಅದನ್ನು ಬೋರ್ಡಿನ ಹಳೆಯ ಬೆಸುಗೆಗೆ ಸ್ವಲ್ಪ ತಾಗಿಸಿದರೆ ಸಾಕು, ಎರಡೂ ಸೇರಿ ಬೇಗ ಸಡಿಲಾಗುತ್ತಿದ್ದವು. ಕೆಟ್ಟ ಭಾಗ ಬಿಚ್ಚಿ, ಹೊಸದು ಕೂರಿಸುವುದು ಸುಲಭವಾಯಿತು. ಆದರೆ ಇಷ್ಟು ಸುಲಭವಾಗಿ ಕರಗುವ ವಸ್ತುವಿನ ಮೇಲೆ ಶಾಂತಮಲ್ಲಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಅದಕ್ಕೇ ಕೊನೆಯಲ್ಲಿ, ಕೆಲಸ ಗಟ್ಟಿಯಾಗಿರಲಿ ಎಂದು, ಮೇಲಿಂದ ತಮ್ಮ ಹಳೆಯ ಲೆಡ್ಡನ್ನೂ ಒಂದು ಹನಿ ಕೊಡುತ್ತಿದ್ದರು.

ತಪ್ಪಾದದ್ದು ಅಲ್ಲಿ. ಸೋಮಾರಿತನದಿಂದ ಹಾಗೇ ಬಿಟ್ಟಿದ್ದರೆ ಆಗುತ್ತಿರಲಿಲ್ಲ. ಜಾಗ್ರತೆ ಮಾಡಿದ್ದರಿಂದ ಆಯಿತು. ಇದನ್ನು ಬರೆಯುವಾಗ ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬರುತ್ತದೆ.

ಬಿಸಿನೀರಿಗೆ ತಣ್ಣೀರು ಬೆರೆಸಿದರೆ ನಡುವಿನ ಹದಕ್ಕೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ನೂರಾ ಎಂಬತ್ತಮೂರಕ್ಕೆ ಕರಗುವುದನ್ನು ನೂರಾ ಮೂವತ್ತೆಂಟಕ್ಕೆ ಕರಗುವುದರ ಜೊತೆ ಬೆರೆಸಿದರೆ, ನೂರಾ ಅರವತ್ತರ ಹತ್ತಿರ ಎಲ್ಲೋ ಕರಗಬಹುದು ಎಂದು ಯಾರಾದರೂ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಲೋಹಗಳ ಲೆಕ್ಕ ಹಾಗಲ್ಲ. ತವರ, ಸೀಸ, ಬಿಸ್ಮತ್ ಮೂರೂ ಒಂದೆಡೆ ಸೇರಿದರೆ ಆ ಮಿಶ್ರಣ ಎರಡಕ್ಕಿಂತಲೂ ಕೆಳಗೆ, ತೊಂಬತ್ತಾರು ಡಿಗ್ರಿಗೇ ಸೋಲಬಹುದು. ಕುದಿಯುವ ನೀರೇ ಸಾಕು. ಅದಕ್ಕೂ ಮೊದಲೇ, ಬಿಸಿ ಏರುತ್ತ ಹೋದಂತೆ, ಅದು ತನ್ನ ಬಲವನ್ನೆಲ್ಲ ಕಳೆದುಕೊಂಡಿರುತ್ತದೆ.

ನಂಜಯ್ಯ ಎಂಬ ರೈತರ ಹೊಲ ಇದ್ದದ್ದು ಅರಳಿದೊಡ್ಡಿಯಲ್ಲಿ, ಕಾಡಿನ ಅಂಚಿಗೆ. ಎರಡು ವರ್ಷದ ಹಿಂದೆ, ಜೋಳ ತೆನೆ ಕಟ್ಟುವ ಹೊತ್ತಿನಲ್ಲಿ ಅವರ ಮೆಷಿನ್ನು ಕೆಟ್ಟಿತು. ಶಾಂತಮಲ್ಲಮ್ಮ ಹೋಗಿ, ಹೊಲದಲ್ಲೇ ಕುಳಿತು, ಟ್ರಾನ್ಸ್‌ಫಾರ್ಮರಿನ ಕಾಲಿಗೆ ಬೆಸುಗೆ ಹಾಕಿ, ಹುಲ್ಲುಕಡ್ಡಿ ಹಿಡಿದು ನೋಡಿ ಬಂದರು. ಬೇಲಿ ಚೆನ್ನಾಗಿ ಹೊಡೆಯುತ್ತಿತ್ತು. ಆಮೇಲೆ ಮಳೆ ಬಂತು, ಬೇಲಿಯ ಕೆಳಗೆ ಹುಲ್ಲು ಬೆಳೆದು ತಂತಿಗೆ ತಾಗಿತು. ಹುಲ್ಲು ತಾಗಿದಷ್ಟೂ ಮೆಷಿನ್ನು ಹೆಚ್ಚು ದುಡಿಯಬೇಕು, ಹೆಚ್ಚು ಕಾಯಬೇಕು. ಮಳೆಯ ನಡುವೆ ಬಿಸಿಲು ಬಿದ್ದ ದಿನಗಳಲ್ಲಿ ತಗಡಿನ ಡಬ್ಬಿ ಮುಟ್ಟಲಾಗದಷ್ಟು ಸುಡುತ್ತಿತ್ತು. ಒಳಗೆ ಆ ಬೆಸುಗೆ ಮೆತ್ತಗಾಗಿ ಕಾಲು ಕಳಚಿಕೊಂಡಿತು. ಟಿಕ್ ಎನ್ನುವ ಸದ್ದು ಬರುವುದು ಟ್ರಾನ್ಸ್‌ಫಾರ್ಮರಿಗೆ ಕರೆಂಟು ಒಳಹೋಗುವ ಕಡೆಯಿಂದ. ಕಳಚಿದ್ದು ಅದು ಹೊರಗೆ ಬರುವ ಕಡೆಯ ಕಾಲು. ಆದ್ದರಿಂದ ಸದ್ದು ನಿಲ್ಲಲಿಲ್ಲ, ಕೆಂಪು ದೀಪವೂ ಮಿನುಗುತ್ತಿತ್ತು. ತಂತಿಯಲ್ಲಿ ಮಾತ್ರ ಏನೂ ಇರಲಿಲ್ಲ.

ಕಾವಲಿನ ಅಟ್ಟಣೆಯ ಮೇಲೆ ನಂಜಯ್ಯನವರು ಆ ಸದ್ದು ಕೇಳುತ್ತ ಮಲಗಿದ್ದರು. ಬೆಳಕು ಹರಿಯುವಾಗ, ಬೇಲಿ ಓಡುತ್ತಿದೆ ಎಂಬ ಧೈರ್ಯದಲ್ಲಿ, ಮನೆಗೆ ಹೋಗಲು ಕೆಳಗಿಳಿದರು. ಆನೆ ಬೇಲಿಯ ಒಳಗೆ, ಜೋಳದಲ್ಲಿ ನಿಂತಿತ್ತು.

“ಇಡೀ ಊರೇ ಬಂದಿತ್ತು” ಎನ್ನುತ್ತಾರೆ ಶಾಂತಮಲ್ಲಮ್ಮ. “ಎಲ್ರೂ ಎಜ್ಜೆ ನೋಡ್ತಿದ್ರು, ಎಲ್ಲಿಂದ ಬಂತು, ಎತ್ತ ಓಯ್ತು ಅಂತ. ನಂಗೆ ಆ ಟಿಕ್ ಟಿಕ್ ಕೇಳಿಸ್ತಾ ಇತ್ತು. ಬೇಲಿ ಓಡ್ತಾ ಅದೆ, ತಂತಿ ಒಂದ್ಕಡೆ ನೆಲಕ್ಕೆ ಬಿದ್ದದೆ, ಆನೆ ಎಂಗೆ ಬಂತು ಅಂದ್ಕಂಡು ಒಂದು ಉಲ್ಕಡ್ಡಿ ಕಿತ್ಕಂಡೆ. ಬಿದ್ದಿದ್ ತಂತಿ ಬುಟ್ಟು, ಇನ್ನೂ ನಿಂತಿದ್ ತಂತಿಗೆ ಮುಟ್ಟುಸ್ದೆ. ಏನೂ ಇಲ್ಲ. ಬೆರಳೇ ಮುಟ್ಟುಸ್ದೆ. ಏನೂ ಇಲ್ಲ.”

ಲೋಟ ಕೆಳಗಿಡುತ್ತಾರೆ. ಮುಂದಿನದನ್ನು ಬೇರೆ ಯಾರದೋ ವಿಷಯ ಎಂಬಂತೆ ಹೇಳುತ್ತಾರೆ. ಆ ಗದ್ದಲದಲ್ಲಿ ಯಾರೂ ಅವರನ್ನು ನೋಡಲಿಲ್ಲ. ಮೆಷಿನ್ನು ಬಿಚ್ಚಿಕೊಂಡು ಮನೆಗೆ ತಂದರು. ಮುಚ್ಚಳ ತೆಗೆದಾಗ, ಟ್ರಾನ್ಸ್‌ಫಾರ್ಮರಿನ ಕಾಲು ತನ್ನ ಬೆಸುಗೆಯಲ್ಲಿ ಮಗುವಿನ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು.

ಯಾರೂ ಅವರನ್ನು ಕೇಳಲಿಲ್ಲ ಎನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ಊರಿನವರು ಆನೆಯನ್ನು ಬೈದರು, ಹಣೆಬರಹ ಎಂದರು, ನಂಜಯ್ಯನವರು ಇನ್ನೂ ಸ್ವಲ್ಪ ಹೊತ್ತು ಅಟ್ಟಣೆಯಲ್ಲೇ ಇರಬೇಕಿತ್ತು ಎಂದರು. ಮೆಣಸಿನ ಕಾಳಿನಷ್ಟು ಲೋಹದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಗಂಡ ಮಹದೇವಪ್ಪನವರು ಅದನ್ನೇ ಹೇಳಿದರಂತೆ. ನಾನು ಕೇಳಿದಾಗ ಅವರು ಮುಚ್ಚಿಡಲಿಲ್ಲ: “ಯಾರೂ ಕೇಳಿಲ್ವಲ್ಲ, ಸುಮ್ಕಿರು ಅಂದೆ. ಸತ್ತೋನು ಬತ್ತಾನಾ, ನೀನ್ಯಾಕೆ ಮೈ ಮ್ಯಾಲೆ ಎಳ್ಕತೀಯ ಅಂದೆ. ಮೂರ್ ದಿನ ಅನ್ನ ಮುಟ್ನಿಲ್ಲ ಇವಳು. ಆಮ್ಯಾಕೆ ನಾನೇ ಚಾಮರಾಜನಗರದ ಬಸ್ಸು ಅತ್ತಿಸ್ದೆ.”

ಚಾಮರಾಜನಗರದಲ್ಲಿ ಎಲೆಕ್ಟ್ರಾನಿಕ್ಸ್ ತರಬೇತಿ ಕೇಂದ್ರವೊಂದರ ಶಿಕ್ಷಕಿ ಪವಿತ್ರ ಅವರಿಗೆ ಶಾಂತಮಲ್ಲಮ್ಮ ಆ ಬೋರ್ಡನ್ನೂ ಎರಡು ಸುರುಳಿಗಳನ್ನೂ ತೋರಿಸಿದರು. ಪವಿತ್ರ ಅವರೂ ಮೊದಲಿಗೆ ತಲೆ ಕೆರೆದುಕೊಂಡರಂತೆ. ಪುಸ್ತಕ ನೋಡಿ, ಯಾರಿಗೋ ಫೋನು ಮಾಡಿ, ಕೊನೆಗೆ ಒಂದು ಗಾಜಿನ ಲೋಟದಲ್ಲಿ ಕುದಿನೀರು ತಂದು ಬೆಸುಗೆಯ ಚೂರೊಂದನ್ನು ಹಾಕಿದರು. ಇಬ್ಬರೂ ನೋಡುತ್ತಿದ್ದಂತೆ ಅದು ಗುಂಡಗಾಗಿ, ಪಾದರಸದಂತೆ ಲೋಟದ ತಳದಲ್ಲಿ ಓಡಾಡಿತು. “ಮೂರೂ ಸೇರಬಾರ್ದಿತ್ತು ಅಮ್ಮ, ಆದ್ರೆ ಇದು ನಿಮಗೆ ಗೊತ್ತಾಗೋಕೆ ದಾರಿನೇ ಇರಲಿಲ್ಲ” ಎಂದು ಪವಿತ್ರ ಹೇಳಿದರು. ಶಾಂತಮಲ್ಲಮ್ಮನಿಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ. ಆ ಸುರುಳಿ ಕೈಗೆ ಬಂದ ಮೇಲೆ ತಾನು ಕೂತೆದ್ದ ಹೊಲಗಳೆಲ್ಲ ಒಂದೊಂದಾಗಿ ಕಣ್ಣಿಗೆ ಬಂದವು ಎನ್ನುತ್ತಾರೆ.

ಅಂದಿನಿಂದ ಇದು ನಡೆದಿದೆ. ಸುರುಳಿ ತಂದಂದಿನಿಂದ ನಂಜಯ್ಯನವರು ಹೋದ ದಿನದವರೆಗಿನ ಎರಡು ವರ್ಷದಲ್ಲಿ ತಾವು ಮುಟ್ಟಿದ ಮೆಷಿನ್ನುಗಳನ್ನೆಲ್ಲ ಹುಡುಕಿಕೊಂಡು ಹೋಗಿ, ಬಿಚ್ಚಿ, ಕುದಿನೀರಿಗೆ ಅದ್ದಿ ನೋಡುವುದು. ಸೋತ ಬೆಸುಗೆಯನ್ನು ಕೆರೆದು ತೆಗೆದು, ಹೊಸದು ಹಾಕುವುದು. ಬೆಟ್ಟದ ಮೇಲೆ ನೀರು ನೂರು ಡಿಗ್ರಿಗೂ ಎರಡು ಮೂರು ಕಡಿಮೆಗೇ ಕುದಿಯುತ್ತದೆ. ತೊಂಬತ್ತಾರನ್ನು ಹಿಡಿಯಲು ಅದು ಹೇಗೋ ಸಾಕಾಗುತ್ತದೆ. ನೀರು ಚೆನ್ನಾಗಿ ಮರಳದಿದ್ದರೆ ಕೆಟ್ಟ ಬೆಸುಗೆಯೂ ಗಟ್ಟಿಯಾಗಿ ಕಂಡುಬಿಡಬಹುದು ಎಂಬ ಹೆದರಿಕೆ ಆಕೆಗೆ. ಅದಕ್ಕೇ ಒಲೆ ಹೂಡುವಾಗ ಅಷ್ಟು ಸೌದೆ ಒಟ್ಟುತ್ತಾರೆ. ಬ್ಯಾಟರಿಯ ಕಡ್ಡಿ ಬಿಟ್ಟು ಈಗ ಗ್ಯಾಸಿನಲ್ಲಿ ಕಾಯುವ ಕಡ್ಡಿ ಇಟ್ಟುಕೊಂಡಿದ್ದಾರೆ.

ಇದಕ್ಕೆ ಜನ ಕೈಮುಗಿಯುತ್ತಾರೆ ಎಂದುಕೊಂಡರೆ ತಪ್ಪು. ಓಡುತ್ತಿರುವ ಮೆಷಿನ್ನನ್ನು ಬಿಚ್ಚಿಸಲು ಯಾರಿಗೂ ಮನಸ್ಸಿಲ್ಲ. ಕೆಲವರು ಕೆಲಸವಿಲ್ಲದೆ ಬಂದಿದ್ದಾಳೆ ಎನ್ನುತ್ತಾರೆ, ಕೆಲವರು ನಂಜಯ್ಯ ಹೋದ ಮೇಲೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಹಾಸನೂರಿನ ಹತ್ತಿರ ಒಬ್ಬರು ಗೇಟಿನ ಒಳಗೇ ಬಿಡಲಿಲ್ಲ. ಮೂರನೆಯ ಸಲ ಹೋದಾಗ ಅವರ ಸೊಸೆ, ಮಾವ ಇಲ್ಲದ ಹೊತ್ತು ನೋಡಿ ಕರೆದರಂತೆ. ಆ ಮೆಷಿನ್ನಿನ ಬೆಸುಗೆ ಎಷ್ಟು ಕುದಿಸಿದರೂ ಜಗ್ಗಲಿಲ್ಲ. ಗಟ್ಟಿಯಾಗಿಯೇ ಇತ್ತು. ಅದಕ್ಕೂ ಆಕೆ ಸಂತೋಷಪಡುವುದಿಲ್ಲ. ಯಾವುದು ನಿಂತಿದೆ, ಯಾವುದು ಸೋಲುತ್ತದೆ ಎಂದು ನೋಡಿ ಹೇಳಲು ಬರುವುದಿಲ್ಲವಲ್ಲ, ಅದೇ ಅವರ ಸಂಕಟ. ರಿಪೇರಿಗೆ ಕರೆಯುವವರೂ ಕಡಿಮೆಯಾಗಿದ್ದಾರೆ. ತನ್ನ ಕೆಲಸ ಕೆಟ್ಟದ್ದು ಎಂದು ಮನೆಮನೆಗೆ ಹೋಗಿ ಹೇಳುವವರನ್ನು ಮತ್ತೆ ಯಾರು ಕರೆಯುತ್ತಾರೆ?

ಮಧ್ಯಾಹ್ನ ಅರಳಿದೊಡ್ಡಿಗೆ ಹೋಗುತ್ತೇವೆ. ನಂಜಯ್ಯನವರ ಹೆಂಡತಿ ಮಂಚಮ್ಮ ಈಗ ಜೋಳ ಬಿಟ್ಟು, ಆನೆ ಮೂಸಿ ನೋಡದ ಅರಿಶಿನ ಹಾಕಿದ್ದಾರೆ. ಬೇಲಿಯ ಕಂಬಗಳಿವೆ, ತಂತಿ ಇಲ್ಲ. ಶಾಂತಮಲ್ಲಮ್ಮ ಒಳಗೆ ಬಾರದೆ ಅಂಗಳದ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತಾರೆ. ನಂಜಯ್ಯನವರು ಹೋಗಿ ಎಷ್ಟೋ ದಿನದ ಮೇಲೆ ಶಾಂತಮಲ್ಲಮ್ಮ ಬಂದು ನಿಜ ಹೇಳಿದ್ದನ್ನು ನೆನಪಿಸಿ, ಆಗ ಹೇಗನ್ನಿಸಿತು ಎಂದು ಮಂಚಮ್ಮನನ್ನು ಕೇಳುತ್ತೇನೆ. ಕೇಳುವಾಗಲೇ ಇದು ಕೇಳಬಾರದ ಪ್ರಶ್ನೆ ಎಂದು ನನಗೆ ಗೊತ್ತಾಗುತ್ತದೆ.

ಮಂಚಮ್ಮ ಮೊರದಲ್ಲಿನ ಅವರೆಕಾಳು ಆರಿಸುತ್ತಾರೆ. “ಅಕ್ಕ ಬಂದು ಏಳ್ದಾಗ ನಂಗೆ ಅರ್ಥವೇ ಆಗ್ನಿಲ್ಲ. ಈಯ ಅಂದ್ರು, ಕರಗೋಯ್ತು ಅಂದ್ರು. ಆನೆ ತುಳ್ದು ಸತ್ತೋನ್ಗೂ ಈಯಕ್ಕೂ ಏನಕ್ಕ ಅಂದೆ. ಆಮ್ಯಾಕೆ ಒಂದಿನ ಅರಿಶಿನ ಬಿತ್ತುವಾಗ ಅರ್ಥ ಆಯ್ತು. ಅರ್ಥ ಆಗ್ದಿದ್ರೇ ಚೆಂದಿತ್ತು ಕಣವ್ವ. ಆನೆ ಮ್ಯಾಲೆ ಸಿಟ್ಟು ಮಾಡ್ಕಂಡು ಬದುಕ್ಬೋದಿತ್ತು. ಅದು ಕಾಡು ಪ್ರಾಣಿ, ಎಷ್ಟು ಬೈದ್ರೂ ಬೈಸ್ಕತ್ತದೆ. ಈಗ ಇವ್ರು ಬಂದಾಗೆಲ್ಲ ನಾನು ಎತ್ತ ನೋಡ್ಬೇಕು ಅಂತ ಗೊತ್ತಾಗಕಿಲ್ಲ.”

ಶಾಂತಮಲ್ಲಮ್ಮ ಅಂಗಳದಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದಾರೆ. ತಲೆ ಎತ್ತುವುದಿಲ್ಲ.

“ಅವರನ್ನು ಕ್ಷಮಿಸಿದ್ದೀರಾ?” ಎನ್ನುತ್ತೇನೆ. ನಮ್ಮ ವೃತ್ತಿಗೆ ನಾಚಿಕೆಯಿಲ್ಲ.

“ಅದೆಲ್ಲ ದೊಡ್ಡ ಮಾತು” ಎಂದು ಮಂಚಮ್ಮ ಮೊರ ಬದಿಗಿಟ್ಟು ಏಳುತ್ತಾರೆ. “ಬಂದ್ರೆ ಕಾಫಿ ಕೊಡ್ತೀನಿ. ಅಷ್ಟು ಮಾಡ್ತೀನಿ. ಅದ್ಕಿಂತ ಎಚ್ಗೆ ನನ್ನ ಕೈಲಾಗಕಿಲ್ಲ.” ಕಾಫಿ ತರುತ್ತಾರೆ. ನನಗೊಂದು ಲೋಟ ಕೊಟ್ಟು, ಇನ್ನೊಂದನ್ನು ಅಂಗಳಕ್ಕೆ ಒಯ್ದು, ಕೈಗೆ ಕೊಡದೆ, ಕಲ್ಲಿನ ಮೇಲೆ ಇಟ್ಟು ಬರುತ್ತಾರೆ. ಶಾಂತಮಲ್ಲಮ್ಮ ಅದನ್ನು ತೆಗೆದುಕೊಂಡು ಪೂರ್ತಿ ಕುಡಿದು, ಲೋಟ ತೊಳೆದು, ಬೋರಲು ಹಾಕುತ್ತಾರೆ. ನನಗೆ ಅಲ್ಲಿಂದ ಬೇಗ ಎದ್ದು ಹೋಗಬೇಕೆನ್ನಿಸುತ್ತದೆ.

ದಾರಿಯಲ್ಲಿ, ಮೊಪೆಡ್ಡಿನ ಹಿಂದೆ ಕುಳಿತ ನನಗೆ ಕೇಳಿಸಲೆಂದು ಜೋರಾಗಿ ಹೇಳುತ್ತಾರೆ: “ಒಂದ್ಸಲ ಬೈದ್ಬುಟ್ಟಿದ್ರೆ ಆಗಿತ್ತು ಕಣವ್ವ. ಅವಳು ಬೈನಿಲ್ಲ. ಕಾಫಿ ಕೊಡ್ತಾಳೆ.” ಗಾಳಿಗೆ ಅವರ ಸೆರಗು ನನ್ನ ಮುಖಕ್ಕೆ ಹೊಡೆಯುತ್ತಿದೆ.

ತಾಳವಾಡಿಯ ಬಸ್ ನಿಲ್ದಾಣದಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತ, ಇನ್ನೆಷ್ಟು ಮೆಷಿನ್ನು ಉಳಿದಿವೆ ಎಂದು ವಿಚಾರಿಸುತ್ತೇನೆ. ಹತ್ತಿರದವು ಬಹುಪಾಲು ಮುಗಿದಿವೆ. ಉಳಿದವು ಎಲ್ಲಿವೆ ಎಂದು ಅವರಿಗೇ ಗೊತ್ತಿಲ್ಲ. ಬೇಲಿ ಮೆಷಿನ್ನು ಒಂದು ಕಡೆ ಇರುವ ವಸ್ತುವಲ್ಲ. ಜೋಳ ಮುಗಿದ ಮೇಲೆ ಬೀಗರ ಕಬ್ಬಿಗೆ ಹೋಗುತ್ತದೆ, ಬಾಳೆಗೆಂದು ಗಡಿಯಾಚೆಯ ನೆಂಟರ ಊರಿಗೆ ಹೋಗುತ್ತದೆ, ಹಳೆಯದೆಂದು ಮಾರಿಹೋಗುತ್ತದೆ. ಕೊಂಡವರಿಗೆ ಅದನ್ನು ಯಾರು ರಿಪೇರಿ ಮಾಡಿದ್ದರು ಎಂದು ತಿಳಿಯುವುದಿಲ್ಲ. ಇನ್ನು ಕೆಲವೇ ವಾರಕ್ಕೆ ಜೋಳ ಹಾಲುಗಾಳು ಕಟ್ಟುತ್ತದೆ, ಆನೆಗಳು ಇಳಿಯುತ್ತವೆ. ಎಲ್ಲೋ ಯಾರೋ ಆ ಟಿಕ್ ಸದ್ದನ್ನು ನಂಬಿ ಮಲಗುತ್ತಾರೆ.

ಒಂದು ಫೋಟೊ ಬೇಕು, ಪುರವಣಿಗೆ, ಎಂದು ಮೊಬೈಲ್ ಎತ್ತುತ್ತೇನೆ. ಶಾಂತಮಲ್ಲಮ್ಮ ಕೈ ಅಡ್ಡ ಹಿಡಿಯುತ್ತಾರೆ. ತೋರಿಸಲೆಂದೇ ಇಟ್ಟುಕೊಂಡ ಒಂದು ಹಳೆಯ ಮೆಷಿನ್ನಿನ ಮುಚ್ಚಳವನ್ನು ಚೀಲದಿಂದ ತೆಗೆದು ನನ್ನ ಮುಂದೆ ಹಿಡಿಯುತ್ತಾರೆ. ನಾಲ್ಕು ಮೂಲೆಯ ತಿರುಪುಗಳಲ್ಲಿ ಒಂದರ ತಲೆಯ ಮೇಲೆ ಕೆಂಪು ಉಗುರುಬಣ್ಣ ಹಚ್ಚಿದೆ. ತಾನು ಮುಚ್ಚಿದ್ದನ್ನು ಬೇರೆ ಯಾರೂ ಬಿಚ್ಚಿ ಕೆಡಿಸಬಾರದು, ಬಿಚ್ಚಿದರೆ ಗೊತ್ತಾಗಬೇಕು ಎಂದು ಒಂದು ಕಾಲದಲ್ಲಿ ಹೆಮ್ಮೆಯಿಂದ ಇಟ್ಟುಕೊಂಡಿದ್ದ ಗುರುತಂತೆ ಅದು. ಈಗ ಸರಿಮಾಡಿದ್ದಕ್ಕೆ ಹಚ್ಚುವುದಿಲ್ಲ, ಇದ್ದದ್ದನ್ನೂ ಕೆರೆದು ಹಾಕುತ್ತಾರೆ.

“ನನ್ ಮುಖ ಯಾಕವ್ವ, ಇದ್ರ ಫೋಟೊ ಆಕು. ದೊಡ್ದಾಗಿ ಆಕು. ತಿರುಪಿನ ಮ್ಯಾಲೆ ಕೆಂಪು ಇದ್ರೆ ಬಿಚ್ಚಿ ಅಂತ ಬರಿ. ನಂಗೆ ಏಳ್ದಿದ್ರೂ ಪರ್ವಾಗಿಲ್ಲ, ಅವರವರೇ ನೀರು ಕಾಯಿಸಿ ನೋಡ್ಲಿ” ಎನ್ನುತ್ತಾರೆ.

ಫೋಟೊ ತೆಗೆಯುತ್ತೇನೆ. ಬಸ್ಸು ಬರುತ್ತದೆ. ಹತ್ತುವ ಮೊದಲು, ಲೇಖನದ ಕೊನೆಗೆ ಬೇಕಾದ ಮಾತೊಂದನ್ನು ಕೇಳಿಬಿಡುವ ಅಭ್ಯಾಸದಂತೆ, ನಿಮಗೆ ಏನು ಆಸೆ ಎನ್ನುತ್ತೇನೆ. ಮುಚ್ಚಳವನ್ನು ಚೀಲಕ್ಕೆ ಹಾಕುತ್ತ, ನನ್ನ ಕಡೆ ನೋಡದೆ ಹೇಳುತ್ತಾರೆ:

“ಆ ಎರಡು ವರ್ಸದಲ್ಲಿ ನಾನು ಮಾಡಿದ್ ಕೆಲ್ಸ ಒಂದೂ ಈ ಭೂಮಿ ಮ್ಯಾಲೆ ಉಳೀಬಾರ್ದು. ಅವತ್ತು ಬೇಕಾದ್ರೆ ಬಾ. ಒಳ್ಳೆ ಕೆಲ್ಸಗಾತಿ ಅಂತ ಬರಿ.”